ವಿಂಡಾಲೂ ಜೊತೆ ವೈನ್ ಕುಡಿದರೆ ಬಾಯಿ ಉರಿಯುವುದೇಕೆ? ಪೆರಂಬೂರಿನ ಕ್ರಿಸ್‌ಮಸ್ ಊಟದಲ್ಲಿದೆ ಉತ್ತರ

ಹಬ್ಬಕ್ಕೆಂದು ಸಾವಿರಾರು ರೂಪಾಯಿ ಕೊಟ್ಟು ರೆಡ್ ವೈನ್ ತಂದಿರುತ್ತಾರೆ. ಖಾರದ ಮಾಂಸದ ಸಾರಿನ ಜೊತೆ ಒಂದು ಗುಟುಕು ಕುಡಿದರೆ ಬಾಯೆಲ್ಲ ಉರಿ, ನಾಲಿಗೆ ಒಗರು, ಕೊನೆಗೆ ಕಹಿ. 'ನಮಗೆ ವೈನ್ ರುಚಿ ಗೊತ್ತಾಗಲ್ಲ ಬಿಡಿ' ಎಂದು ಬಾಟಲಿಯನ್ನು ಫ್ರಿಜ್‌ನ ಮೂಲೆಗೆ ತಳ್ಳುವವರಿದ್ದಾರೆ. ಆದರೆ ತಪ್ಪು ಕುಡಿದವರದ್ದಲ್ಲ. ಎಷ್ಟೋ ಸಲ ವೈನ್‌ನದ್ದೂ ಅಲ್ಲ. ತಟ್ಟೆಯಲ್ಲಿರುವ ಖಾರ, ಹುಳಿ, ಸಿಹಿ ಮತ್ತು ಮೀನು ವೈನ್‌ನ ರುಚಿಯನ್ನೇ ಬದಲಿಸಿಬಿಡುತ್ತವೆ.

ಇದನ್ನು ಅರ್ಥ ಮಾಡಿಕೊಳ್ಳಲು ಫ್ರಾನ್ಸ್‌ಗೆ ಹೋಗಬೇಕಿಲ್ಲ. ಚೆನ್ನೈನ ಪೆರಂಬೂರಿನಲ್ಲಿರುವ ಆಂಗ್ಲೋ-ಇಂಡಿಯನ್ ಕುಟುಂಬಗಳ ಕ್ರಿಸ್‌ಮಸ್ ಊಟವನ್ನು ಗಮನಿಸಿದರೆ ಸಾಕು. ವೈನ್‌ಗೆ ಆಗಿಬರದ ಬಹುತೇಕ ರುಚಿಗಳು ಅಲ್ಲಿ ಒಂದೇ ಮೇಜಿನ ಮೇಲಿರುತ್ತವೆ. ಆದರೂ ಅವುಗಳ ಜೊತೆ ವೈನ್ ಕುಡಿಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ.

ರೈಲ್ವೆ ಊರಿನ ಊಟ

ಪೆರಂಬೂರು ಎಂದರೆ ರೈಲ್ವೆ. 1955ರ ಅಕ್ಟೋಬರ್ 2ರಂದು ಉದ್ಘಾಟನೆಯಾದ ಐಸಿಎಫ್ ರೈಲು ಬೋಗಿ ಕಾರ್ಖಾನೆ ಇರುವುದು ಇಲ್ಲಿಯೇ. ಅದಕ್ಕೂ ಬಹಳ ಮೊದಲೇ ಇಲ್ಲಿ ರೈಲ್ವೆ ವರ್ಕ್‌ಶಾಪ್‌ಗಳಿದ್ದವು. ಚಾಲಕರು, ಗಾರ್ಡ್‌ಗಳು, ಫೋರ್‌ಮನ್‌ಗಳಾಗಿದ್ದ ಆಂಗ್ಲೋ-ಇಂಡಿಯನ್ನರು ಸುತ್ತಮುತ್ತ ನೆಲೆಸಿದರು. ಕರ್ನಾಟಕಕ್ಕೂ ಈ ಊರಿಗೂ ಹಳೆಯ ನಂಟಿದೆ. 1908ರಲ್ಲಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ರೂಪುಗೊಂಡಾಗ ಹುಬ್ಬಳ್ಳಿ ಮತ್ತು ಪೆರಂಬೂರಿನ ವರ್ಕ್‌ಶಾಪ್‌ಗಳು ಒಂದೇ ಕಂಪನಿಯಡಿ ಬಂದವು. ಹುಬ್ಬಳ್ಳಿ, ಬೆಂಗಳೂರು, ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಗಳಲ್ಲೂ ಇದೇ ಬಗೆಯ ಅಡುಗೆ ಕಾಣಸಿಗುವುದು ಹಾಗಾಗಿ ಆಶ್ಚರ್ಯವಲ್ಲ.

ತೆಂಗಿನ ಹಾಲಿನ ಹಳದಿ ಅನ್ನ, ಕೈಮಾ ಉಂಡೆಯ ಬಾಲ್ ಕರಿ, ಈರುಳ್ಳಿ, ಮೆಣಸಿನಕಾಯಿ ಮತ್ತು ವಿನೆಗರ್ ಸೇರಿಸಿ ಮಾಡುವ ಡೆವಿಲ್ ಚಟ್ನಿ, ಹುಣಸೆಹಣ್ಣಿನ ಪೆಪ್ಪರ್ ವಾಟರ್, ವಿಂಡಾಲೂ. ಕೊನೆಗೆ ಕುಲ್‌ಕುಲ್, ರೋಸ್ ಕುಕ್ಕೀಸ್, ಪ್ಲಮ್ ಕೇಕ್. ಇವುಗಳ ಜೊತೆ ದ್ರಾಕ್ಷಿಯ ಸಿಹಿ ವೈನ್.

ಖಾರ: ಉರಿಯುವ ಬೆಂಕಿಗೆ ತುಪ್ಪ

ಮೆಣಸಿನಕಾಯಿಯ ಖಾರ ನಿಜಕ್ಕೂ ರುಚಿಯಲ್ಲ, ನೋವು. ಅದರಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವು ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಬಾಯಿ ಸುಡುತ್ತಿದೆ ಎಂದು ಮೆದುಳು ತಿಳಿಯುತ್ತದೆ. ಈ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ವೈನ್‌ನ ಆಲ್ಕೋಹಾಲ್ ಕೂಡ ಇದೇ ಗ್ರಾಹಕವನ್ನು ತಟ್ಟುತ್ತದೆ. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಬಿಸಿಗೆ ಎಚ್ಚರಗೊಳ್ಳುವ ಗ್ರಾಹಕ, ಆಲ್ಕೋಹಾಲ್ ಇದ್ದಾಗ ಸುಮಾರು 34 ಡಿಗ್ರಿಗೇ ಕೆರಳುತ್ತದೆ ಎಂದು 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದರೆ ನಮ್ಮ ಮೈಬಿಸಿಯೇ ಸಾಕು! ಹೀಗಾಗಿ ಶೇ 14ರಷ್ಟು ಆಲ್ಕೋಹಾಲ್ ಇರುವ ರೆಡ್ ವೈನ್ ಖಾರವನ್ನು ತಣಿಸುವುದಿಲ್ಲ, ಕೆರಳಿಸುತ್ತದೆ.

ಇದರ ಮೇಲೆ ಒಗರು ಬೇರೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಸಿದುಕೊಳ್ಳುತ್ತದೆ. ಎಳೆ ಬಾಳೆಕಾಯಿ ಕಚ್ಚಿದಾಗ ಆಗುವ ಅನುಭವವೇ ಇದು. ಮೊದಲೇ ಉರಿಯುತ್ತಿರುವ ನಾಲಿಗೆಗೆ ಈ ಒಗರು ಇನ್ನಷ್ಟು ಒರಟಾಗಿ ತಾಗುತ್ತದೆ.

ಹೆಸರಿನಲ್ಲೇ ವೈನ್, ಆದರೂ ಜಗಳ

ವಿಂಡಾಲೂವಿನ ಮೂಲ ಪೋರ್ಚುಗೀಸರ 'ವಿನ್ಯಾ ದಾಲ್ಯೋಸ್'. ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿದ ಮಾಂಸದ ಅಡುಗೆ ಅದು. ಗೋವಾಕ್ಕೆ ಬಂದ ಮೇಲೆ ವೈನ್ ಜಾಗವನ್ನು ಕಳ್ಳಿನ ವಿನೆಗರ್ ಹಿಡಿಯಿತು, ಮೆಣಸಿನಕಾಯಿ ಸೇರಿತು. ಹೆಸರಿನಲ್ಲೇ ವೈನ್ ಇಟ್ಟುಕೊಂಡ ಅಡುಗೆಯೇ ಈಗ ವೈನ್‌ಗೆ ಕಷ್ಟ ಕೊಡುತ್ತದೆ!

ಕಾರಣ ವಿನೆಗರ್. ವೈನ್ ಕೆಟ್ಟರೆ ಆಗುವುದೂ ವಿನೆಗರ್ರೇ. ಹೀಗಾಗಿ ವಿನೆಗರ್ ಹೆಚ್ಚಿರುವ ಅಡುಗೆ ಅಥವಾ ಉಪ್ಪಿನಕಾಯಿ ತಿಂದ ಬಾಯಿಗೆ ಒಳ್ಳೆಯ ವೈನ್ ಕೂಡ ಹಾಳಾದಂತೆ ಅನ್ನಿಸಬಹುದು.

ಹುಣಸೆಯ ಕಥೆ ಇನ್ನೂ ಸ್ವಾರಸ್ಯಕರ. ದ್ರಾಕ್ಷಿಯಲ್ಲೂ ಹುಣಸೆಯಲ್ಲೂ ಇರುವ ಮುಖ್ಯ ಹುಳಿ ಒಂದೇ, ಟಾರ್ಟಾರಿಕ್ ಆಮ್ಲ. ಆದರೆ ಸಾರಿನ ಹುಳಿ ವೈನ್‌ನ ಹುಳಿಗಿಂತ ಜೋರಾಗಿದ್ದರೆ ವೈನ್ ಸಪ್ಪೆಯಾಗುತ್ತದೆ. ತಟ್ಟೆಗಿಂತ ಗ್ಲಾಸಿನ ಹುಳಿ ಒಂದು ಕೈ ಮೇಲಿರಬೇಕು ಎಂಬುದು ಇಲ್ಲಿನ ಸೂತ್ರ.

ಕೇಕ್ ಜೊತೆ ಕಾಫಿ ಕಹಿಯಾದಂತೆ

ಮೈಸೂರು ಪಾಕ್ ತಿಂದ ಕೂಡಲೇ ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲವೇನೋ ಅನ್ನಿಸುತ್ತದೆ. ವೈನ್‌ಗೂ ಹೀಗೆಯೇ ಆಗುತ್ತದೆ. ಸಿಹಿ ಇಲ್ಲದ 'ಡ್ರೈ' ವೈನ್ ಅನ್ನು ಪ್ಲಮ್ ಕೇಕ್ ಜೊತೆ ಕುಡಿದರೆ ಅದರ ಹಣ್ಣಿನ ರುಚಿ ಮಾಯವಾಗಿ ಹುಳಿ, ಕಹಿ ಮಾತ್ರ ಉಳಿಯುತ್ತದೆ. ಸಿಹಿ ತಿಂಡಿಗೆ ಅದಕ್ಕಿಂತ ಸಿಹಿಯಾದ ವೈನೇ ಆಗಬೇಕು.

ಮೀನು ಮತ್ತು ಕಬ್ಬಿಣ

ಬಂಗುಡೆ, ಬೂತಾಯಿಯಂಥ ಎಣ್ಣೆಯಂಶದ ಮೀನಿನ ಜೊತೆ ರೆಡ್ ವೈನ್ ಕುಡಿದರೆ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಯುವುದುಂಟು. ಇದಕ್ಕೆ ಟ್ಯಾನಿನ್ ಕಾರಣ ಎಂದೇ ಬಹಳ ಕಾಲ ನಂಬಲಾಗಿತ್ತು. ಜಪಾನ್‌ನ ಮರ್ಸಿಯನ್ ಎಂಬ ವೈನ್ ಕಂಪನಿಯ ವಿಜ್ಞಾನಿಗಳು 2009ರಲ್ಲಿ ಬೇರೆಯದೇ ಕಾರಣ ಹೇಳಿದರು: ವೈನ್‌ನಲ್ಲಿರುವ ಕಬ್ಬಿಣದ ಅಂಶ. ಕಬ್ಬಿಣ ಹೆಚ್ಚಿದ್ದಷ್ಟೂ ಮೀನಿನ ವಾಸನೆ ಜೋರಾಗುತ್ತಿತ್ತು. ಕಬ್ಬಿಣವನ್ನು ಹಿಡಿದಿಡುವ ವಸ್ತು ಸೇರಿಸಿದಾಗ ವಾಸನೆ ಇಳಿಯಿತು. ವೈಟ್ ವೈನ್‌ನಲ್ಲಿ ಸಾಮಾನ್ಯವಾಗಿ ಕಬ್ಬಿಣ ಕಡಿಮೆ ಇರುವುದರಿಂದ ಮೀನಿಗೆ ಅದೇ ಸರಿ ಎಂಬ ಹಳೆಯ ಮಾತಿಗೂ ಆಧಾರ ಸಿಕ್ಕಿತು.

ಇನ್ನು ಮೊಟ್ಟೆಯ ಹಳದಿ ಭಾಗ ನಾಲಿಗೆಗೆ ಮೆತ್ತಿಕೊಂಡು ವೈನ್ ರುಚಿಯನ್ನು ಮಂಕಾಗಿಸುತ್ತದೆ. ಹಾಗಲಕಾಯಿಯ ಕಹಿ ಮತ್ತು ರೆಡ್ ವೈನ್‌ನ ಕಹಿ ಸೇರಿದರೆ ಕಹಿಯೇ ಗೆಲ್ಲುತ್ತದೆ.

ಹಾಗಾದರೆ ಪೆರಂಬೂರಿನ ಮೇಜಿನಲ್ಲಿ ಹೇಗೆ ಹೊಂದಿತು?

ಗುಟ್ಟು ಸಕ್ಕರೆಯಲ್ಲಿದೆ. ಆಂಗ್ಲೋ-ಇಂಡಿಯನ್ನರ ಸಾಂಪ್ರದಾಯಿಕ ಕ್ರಿಸ್‌ಮಸ್ ವೈನ್ ಕಪ್ಪು ದ್ರಾಕ್ಷಿ, ಯೀಸ್ಟ್ ಮತ್ತು ಧಾರಾಳ ಸಕ್ಕರೆಯದ್ದು. ದ್ರಾಕ್ಷಿಯ ತೂಕಕ್ಕೆ ಸಮನಾಗುವಷ್ಟು ಸಕ್ಕರೆ ಹಾಕುವ ಪಾಕವಿಧಾನಗಳೂ ಇವೆ. ಬೆಂಗಳೂರಿನಲ್ಲಾದರೆ ಇಂಥ ವೈನ್‌ಗೆ 2013ರಲ್ಲಿ ಜಿಐ ಟ್ಯಾಗ್ ಪಡೆದ 'ಬೆಂಗಳೂರು ಬ್ಲೂ' ದ್ರಾಕ್ಷಿ ಬಳಕೆಯಾಗುತ್ತದೆ.

ವೈನ್ ಬಲ್ಲವರು ಇದನ್ನು 'ಸಿರಪ್' ಎಂದು ಮೂಗು ಮುರಿಯಬಹುದು. ಆದರೆ ಸಿಹಿಯು ಖಾರದ ಉರಿಯನ್ನು ತಗ್ಗಿಸುತ್ತದೆ, ಒಗರನ್ನು ಮರೆಮಾಚುತ್ತದೆ, ವಿನೆಗರ್ ಹುಳಿಗೆ ಸಮತೋಲನ ಕೊಡುತ್ತದೆ, ಕೇಕ್ ಮುಂದೆಯೂ ಸೋಲುವುದಿಲ್ಲ. ಚಿಕ್ಕ ಗ್ಲಾಸಿನಲ್ಲಿ ಸ್ವಲ್ಪವೇ ಕೊಡುವುದರಿಂದ ಆಲ್ಕೋಹಾಲ್ ಉರಿಯೂ ಕಡಿಮೆ. ವಿಜ್ಞಾನಿಗಳು ಗ್ರಾಹಕವನ್ನು ಗುರುತಿಸುವ ಮೊದಲೇ ಅಜ್ಜಿಯರ ನಾಲಿಗೆ ಈ ಲೆಕ್ಕ ಹಾಕಿತ್ತು ಅನ್ನಬಹುದು.

ನಮ್ಮ ಊಟಕ್ಕೆ ಏನು ಹೊಂದುತ್ತದೆ?

* ಖಾರದ ಸಾರು, ಚಿಕನ್ ಸುಕ್ಕಾ: ತುಸು ಸಿಹಿಯಿರುವ, ಆಲ್ಕೋಹಾಲ್ ಕಡಿಮೆಯಿರುವ ವೈಟ್ ವೈನ್, ಚೆನ್ನಾಗಿ ತಣ್ಣಗಾಗಿಸಿ. ಸಿಹಿಯಂಶ ಉಳಿಸಿದ ಶೆನಿನ್ ಬ್ಲಾಂಕ್ ಉದಾಹರಣೆ
* ಹುಣಸೆ, ನಿಂಬೆ ಹಾಕಿದ ಅಡುಗೆ: ಹುಳಿ ಜಾಸ್ತಿಯಿರುವ ಸಾವಿನ್ಯೋನ್ ಬ್ಲಾಂಕ್
* ಮೀನು ಫ್ರೈ, ಬೋಂಡಾ, ಬಜ್ಜಿ: ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್. ಅದರ ಹುಳಿ ಎಣ್ಣೆಯ ಜಿಡ್ಡನ್ನು ತೊಳೆಯುತ್ತದೆ
* ರೆಡ್ ವೈನ್: ಖಾರ ಕಡಿಮೆಯಿರುವ ಹುರಿದ ಮಾಂಸ. ಉಪ್ಪು ಮತ್ತು ಕೊಬ್ಬು ಅದರ ಕಹಿ, ಒಗರನ್ನು ತಗ್ಗಿಸುತ್ತವೆ
* ಬಾಯಿ ಉರಿದರೆ: ವೈನ್ ಬೇಡ, ಮೊಸರು ಅಥವಾ ಹಾಲು. ಹಾಲಿನ ಕೇಸಿನ್ ಪ್ರೋಟೀನ್ ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ

ಮುಂದಿನ ಸಲ ವೈನ್ ರುಚಿಸದಿದ್ದರೆ ಬಾಟಲಿಯನ್ನೋ ನಾಲಿಗೆಯನ್ನೋ ದೂರುವ ಮೊದಲು ಒಮ್ಮೆ ತಟ್ಟೆಯತ್ತ ನೋಡಿ.

ಗಮನಿಸಿ: ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಕಾನೂನುಬಾಹಿರ. ಶುಂಠಿ, ಸಕ್ಕರೆ, ನಿಂಬೆಹಣ್ಣು ಕುದಿಸಿ ಮಾಡುವ, ಹುದುಗಿಸದ ಆಂಗ್ಲೋ-ಇಂಡಿಯನ್ ಜಿಂಜರ್ ವೈನ್‌ನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಕ್ರಿಸ್‌ಮಸ್ ಮೇಜಿಗೆ ಅದೂ ಒಪ್ಪುತ್ತದೆ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ.