ನಿಮಗಿದು ಗೊತ್ತೆ? ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು!

ಮೊದಲ ಸಲ ಗಾಳ ಕೊಳ್ಳಲು ಹೋದವರು ತಬ್ಬಿಬ್ಬಾಗುವುದು ನಂಬರಿನಲ್ಲಿ. 12ನೇ ನಂಬರಿನ ಗಾಳ 6ನೆಯದಕ್ಕಿಂತ ಚಿಕ್ಕದು. ಎಣಿಕೆ 1ಕ್ಕೆ ಇಳಿದ ಮೇಲೆ 1/0, 2/0 ಎಂದು ಲೆಕ್ಕ ತಿರುಗುತ್ತದೆ. ಅಲ್ಲಿಂದಾಚೆ ಸಂಖ್ಯೆಯ ಜೊತೆಗೇ ಗಾತ್ರವೂ ಬೆಳೆಯುತ್ತದೆ.

ಹೊಸಬರಿಗೆ ಕೆರೆಯ ಜಿಲೇಬಿ ಮೀನೇ ಒಳ್ಳೆಯ ಗುರು. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಮೂಲದ ಈ ಮೀನಿನ ಬಾಯಿ ಚಿಕ್ಕದು. ಬಿದಿರಿನ ಕೋಲು, ತೆಳು ಟಂಗೂಸ್ ದಾರ, ಬೆಂಡು, 10ನೇ ನಂಬರಿನ ಗಾಳ, ತುದಿಗೊಂದು ಎರೆಹುಳು ಇದ್ದರೆ ಸಾಕು. ರೀಲಿಗೆ ಹಣ ಸುರಿಯಬೇಕಿಲ್ಲ.

ಗೆಂಡೆ ಮೀನುಗಳಿಗಾದರೆ ಬಾಯಿ ನೋಡಿ ಸಲಕರಣೆ ಆರಿಸಬೇಕು. ಕಾಟ್ಲಾದ ಬಾಯಿ ಮೇಲ್ಮುಖ, ಮೇಯುವುದು ನೀರಿನ ಮೇಲ್ಪದರದಲ್ಲಿ. ಬೆಂಡು ಕಟ್ಟಿ ಎರೆಯನ್ನು ಮೇಲೆಯೇ ನಿಲ್ಲಿಸಬೇಕು. ಮೃಗಾಲ್ ತಳದ ಮೀನು, ಅದಕ್ಕೆ ಸೀಸದ ಗುಂಡು ಬೇಕು.

ಕೊರವ ಮೀನಿನ ಕಥೆಯೇ ಬೇರೆ. ಗಾಳಿ ಗುಟುಕರಿಸಲು ಆಗಾಗ ಮೇಲೇಳುವ ಈ ಬೇಟೆಗಾರ ಜೊಂಡಿನ ನಡುವೆ ಹೊಂಚು ಹಾಕುತ್ತದೆ. ಹೆಣೆದ ಗಟ್ಟಿ ದಾರ, ಕಳೆಗೆ ಸಿಕ್ಕಿಕೊಳ್ಳದ ರಬ್ಬರ್ ಕಪ್ಪೆ ಇಲ್ಲದೆ ಇಲ್ಲಿ ಕೆಲಸ ನಡೆಯದು.

ಕಾವೇರಿ ಸೀಮೆಯ ಮಹಶೀರ್ ಮಾತ್ರ ಕಲಿಯುವವರ ಮೀನಲ್ಲ, ಅದನ್ನು ಅದರ ಪಾಡಿಗೆ ಬಿಡುವುದೇ ಸರಿ. ರಾಗಿ ಮುದ್ದೆಯ ಎರೆಗೆ ಮರುಳಾಗುವ ಈ ಮೀನಿನ ದಾಖಲೆ ತೂಕ 120 ಪೌಂಡ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು. ಇಲ್ಲಿನ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವಾಗಿ ಸೇರಿದೆ.