ಬಾಗಿಲು, ಕಿವಿ, ಬೀಗ

ತಾಳವಾಡಿಯಿಂದ ಹೊರಟು ದಿಂಬಂ ಘಾಟಿ ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿದರೆ ಗೋಬಿಚೆಟ್ಟಿಪಾಳ್ಯ. ಭವಾನಿ ಹೊಳೆಯ ನೀರು ಕುಡಿದ ಬತ್ತ, ಅರಿಶಿನ, ಬಾಳೆಯ ಸೀಮೆ ಅದು. ತಾಳವಾಡಿಯ ಕನ್ನಡಿಗರಿಗೂ ಗೋಬಿಯವರಿಗೂ ಒಂದೇ ಜಿಲ್ಲೆ, ಈರೋಡು. ಆ ಸೀಮೆಯಲ್ಲಿ ಹುಟ್ಟಿದ ಜಿ. ವಿ. ಲೋಗನಾಥನ್ ಅಮೆರಿಕಕ್ಕೆ ಹೋಗಿ, ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮಳೆ, ಹೊಳೆ, ನೆರೆಯ ಲೆಕ್ಕ ಹೇಳಿಕೊಡುವ ಪ್ರಾಧ್ಯಾಪಕರಾಗಿದ್ದರು. 2007ರ ಏಪ್ರಿಲ್ 16ರ ಬೆಳಿಗ್ಗೆ ಜಲಶಾಸ್ತ್ರದ ಪಾಠ ನಡೆಯುತ್ತಿದ್ದಾಗ, ಅಲ್ಲಿನ ವಿದ್ಯಾರ್ಥಿಯೊಬ್ಬ ಹಾರಿಸಿದ ಗುಂಡಿಗೆ ಬಲಿಯಾದರು. ಅವನು ಆ ದಿನ ಕೊಂದದ್ದು 32 ಮಂದಿಯನ್ನು. ಕಡೆಗೆ ತಾನೂ ಗುಂಡು ಹಾರಿಸಿಕೊಂಡು ಸತ್ತ.

ಮಡಕಶಿರಾ ಕಡೆ ಕಡಲೆಕಾಯಿ ಬೆಳೆಯೋ ಈ ಮನುಷ್ಯನಿಗೆ ಅಮೆರಿಕದ ಬಂದೂಕಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಿಮ್ಮ ಬೀದಿಯಲ್ಲೇ ಎಣಿಸಿ ನೋಡಿ. ರಾಯದುರ್ಗವಾಗಲಿ, ಆದೋನಿಯಾಗಲಿ, ಯಾರದೋ ಮಗ, ಯಾರದೋ ಮಗಳು ಅಲ್ಲಿದ್ದಾರೆ. ಅವರ ಮಕ್ಕಳು ಅಲ್ಲಿನ ಶಾಲೆಗೇ ಹೋಗುತ್ತಾರೆ. ಆ ಶಾಲೆಗಳಲ್ಲಿ ದೀಪ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾಡಿಸುತ್ತಾರೆ. ಅಆಇಈ ಕಲಿಯುವ ವಯಸ್ಸಿನ ಮಗು ಅಡಗಿ ಕೂರುವುದನ್ನೂ ಕಲಿಯಬೇಕು. ಆದ್ದರಿಂದ ಇದು ನಮ್ಮ ಮನೆ ಮಾತೇ.

ಆ ದಿನದ ಕತೆಯಲ್ಲಿ ಮೊದಲ ಪಾಠ ಬಾಗಿಲಿನದು. ಒಂದು ಕೊಠಡಿಯ ಹುಡುಗರು ಬಾಗಿಲಿಗೆ ಮೇಜು ಒತ್ತಿ ಹಿಡಿದರು. ಅವನು ಬಾಗಿಲ ಮೂಲಕವೇ ಗುಂಡು ಹೊಡೆದರೂ ಒಳಗೆ ಬರಲಾಗಲಿಲ್ಲ, ಅಲ್ಲಿದ್ದವರೆಲ್ಲ ಬದುಕಿದರು. ಇನ್ನೊಂದು ಕೊಠಡಿಯಲ್ಲಿ 76 ವರ್ಷದ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಬಾಗಿಲಿಗೆ ಮೈ ಕೊಟ್ಟು ನಿಂತರು. ಅನೇಕ ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿ ಉಳಿದುಕೊಂಡರು, ಮೇಷ್ಟ್ರು ಉಳಿಯಲಿಲ್ಲ. ಒಳಗಿನಿಂದ ಬೀಗ ಬೀಳುವ ಬಾಗಿಲು ಎಷ್ಟು ಜೀವಕ್ಕೆ ಸಮ, ನೀವೇ ಹೇಳಿ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಶಾಲೆಯಲ್ಲಿ ಒಂದು ಕೊಠಡಿಯ ಬೀಗ ಸರಿಯಿಲ್ಲವೆಂಬುದು ಮೊದಲೇ ಗೊತ್ತಿತ್ತಂತೆ. ತೆಲುಗಿನಲ್ಲಿ ‘ಚೇತುಲು ಕಾಲಾಕ ಆಕುಲು ಪಟ್ಟುಕುನ್ನಟ್ಲು’ ಅಂತಾರೆ, ಕೈ ಸುಟ್ಟ ಮೇಲೆ ಎಲೆ ಹಿಡಿದ ಹಾಗೆ.

ಹಾಗಾದರೆ ಮೇಷ್ಟ್ರುಗಳ ಕೈಗೇ ಬಂದೂಕು ಕೊಟ್ಟರಾಯಿತು ಎನ್ನುವವರು ಅಲ್ಲೂ ಇದ್ದಾರೆ, ನಮ್ಮ ಚಾ ಅಂಗಡಿಯಲ್ಲೂ ಇದ್ದಾರೆ. ಯುವಾಲ್ಡೆಗೆ ಬಂದ ಪೊಲೀಸರು, ಅಧಿಕಾರಿಗಳು 376 ಮಂದಿ. ಎಲ್ಲರ ಬಳಿ ಆಯುಧವಿತ್ತು. ಆದರೂ ಕೊಠಡಿಯೊಳಗೆ ಹೋಗುವ ಹೊತ್ತಿಗೆ 77 ನಿಮಿಷ ಕಳೆದಿತ್ತು. ಬಂದೂಕಿದ್ದ ಮಾತ್ರಕ್ಕೆ ಮಕ್ಕಳು ಉಳಿಯೋದಿಲ್ಲ.

ಎರಡನೆಯದು ಕಿವಿ. ವರ್ಜೀನಿಯಾದ ಆ ಹುಡುಗ ಬರೆಯುತ್ತಿದ್ದ ಬರಹ ಕಂಡು ಅಧ್ಯಾಪಕರು ಮೊದಲೇ ಹೆದರಿದ್ದರು. 2005ರ ಡಿಸೆಂಬರಿನಲ್ಲಿ ನ್ಯಾಯಾಲಯ ಅವನಿಗೆ ಮನೋಚಿಕಿತ್ಸೆ ಆಗಬೇಕೆಂದು ಆದೇಶ ಮಾಡಿತ್ತು. ಆ ಕಾಗದ ಮಾತ್ರ ಬಂದೂಕು ಮಾರುವಾಗ ನೋಡುವ ಪಟ್ಟಿಗೆ ಸೇರಲೇ ಇಲ್ಲ. ರಾಜಾರೋಷವಾಗಿ ಎರಡು ಪಿಸ್ತೂಲು ಕೊಂಡ. ಇಂಥ ದಾಖಲೆಗಳನ್ನು ಪಟ್ಟಿಗೆ ಸೇರಿಸುವಂತೆ 2008ರ ಜನವರಿಯಲ್ಲಿ ಕಾನೂನು ಬಂತು. ಯಾರ ಬಗ್ಗೆಯಾದರೂ ಅನುಮಾನ ಬಂದರೆ ಕೂತು ವಿಚಾರಿಸುವ ತಂಡ ಸರ್ಕಾರಿ ಕಾಲೇಜುಗಳಲ್ಲಿ ಇರಲೇಬೇಕೆಂದು ಆ ರಾಜ್ಯ ಅದೇ ವರ್ಷ ವಿಧಿಸಿತು. 2013ರಲ್ಲಿ ಶಾಲೆಗಳಿಗೂ ಅದೇ ನಿಯಮವಾಯಿತು.

ಅಮೆರಿಕದ ಸೀಕ್ರೆಟ್ ಸರ್ವೀಸ್ 2008ರಿಂದ 2017ರವರೆಗಿನ 41 ಶಾಲಾ ದಾಳಿಗಳನ್ನು ಕೂಲಂಕಷವಾಗಿ ನೋಡಿತು. ದಾಳಿ ಮಾಡಿದ ಹುಡುಗರಲ್ಲಿ ಹೆಚ್ಚಿನವರು ಮೊದಲೇ ಯಾರಿಗೋ ಹೇಳಿದ್ದರು, ಇಲ್ಲವೆ ಬರೆದು ತೋರಿಸಿದ್ದರು. ಬಂದೂಕು ಬಂದದ್ದು ನಾಲ್ಕರಲ್ಲಿ ಮೂರು ಪಾಲು ಮನೆಯಿಂದ, ಇಲ್ಲವೆ ಹತ್ತಿರದ ನೆಂಟರಿಂದ. ನಮ್ಮ ಎತ್ತು ಮೇವು ಬಿಟ್ಟರೆ ಅದೇ ಸಂಜೆ ನಮಗೆ ಗೊತ್ತಾಗುತ್ತೆ. ಮಗ ಮಾತು ಬಿಟ್ಟರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ?

ಮೂರನೆಯದು ಬೀಗ. 2021ರ ನವೆಂಬರ್ 30ರಂದು ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಊರಿನ ಶಾಲೆಯಲ್ಲಿ 15 ವರ್ಷದ ಹುಡುಗ ನಾಲ್ವರು ಸಹಪಾಠಿಗಳನ್ನು ಕೊಂದ. ಪಿಸ್ತೂಲು ಕೊಂಡು ಕೆಲವೇ ದಿನವಾಗಿತ್ತು, ಕೊಂಡವನು ಅಪ್ಪ. ಅವತ್ತೇ ಬೆಳಿಗ್ಗೆ ಹುಡುಗ ಬಿಡಿಸಿದ ಚಿತ್ರ ಕಂಡು ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿದ್ದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ, ಯಾರೂ ಚೀಲ ತೆಗೆದು ನೋಡಲಿಲ್ಲ. 2024ರಲ್ಲಿ ತಂದೆ ತಾಯಿ ಇಬ್ಬರಿಗೂ 10ರಿಂದ 15 ವರ್ಷ ಜೈಲಾಯಿತು.

ಇದು ಅಮೆರಿಕದ ಕತೆ ಮಾತ್ರ ಅಂತ ಎದ್ದು ಹೋಗಬೇಡಿ. 2007ರ ಡಿಸೆಂಬರಿನಲ್ಲಿ ನಮ್ಮ ಗುರಗಾಂವಿನ ಶಾಲೆಯೊಂದರಲ್ಲಿ ಎಂಟನೇ ತರಗತಿ ಹುಡುಗ ಸಹಪಾಠಿಗಳ ಗುಂಡಿಗೆ ಸತ್ತ. ಆ ಪಿಸ್ತೂಲೂ ಒಬ್ಬ ಹುಡುಗನ ಅಪ್ಪನದೇ.

ಬ್ರಿಟನ್ನಿನವರು ಇನ್ನೊಂದು ದಾರಿ ಹಿಡಿದರು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳು, ಒಬ್ಬ ಶಿಕ್ಷಕಿ ಸತ್ತ ಮೇಲೆ, 1997ರಲ್ಲಿ ಖಾಸಗಿಯವರ ಕೈಪಿಸ್ತೂಲನ್ನೇ ನಿಷೇಧಿಸಿದರು. ಅಂಥ ಶಾಲಾ ಹತ್ಯಾಕಾಂಡ ಅಲ್ಲಿ ಮತ್ತೆ ನಡೆದಿಲ್ಲ. ಅಮೆರಿಕದಲ್ಲಿ ಬಂದೂಕು ಸಂವಿಧಾನದ ಹಕ್ಕು, ಅಲ್ಲಿ ಹೆಜ್ಜೆ ನಿಧಾನ. 21 ತುಂಬದವರು ಕೊಳ್ಳುವಾಗ ಹೆಚ್ಚಿನ ತಪಾಸಣೆ ಬೇಕೆಂಬ ಕಾನೂನು 2022ರ ಜೂನಿನಲ್ಲಿ ಬಂತು.

ಅಲ್ಲಿರುವ ಮಕ್ಕಳಿಗೆ ನಾವು ಹೇಳಬಹುದಾದ್ದು ಒಂದಿದೆ. ಮಗು ಆಟಕ್ಕೆ ಹೋಗುವ ಮನೆಯಲ್ಲಿ ಬೀಗ ಹಾಕದ ಬಂದೂಕು ಇದೆಯಾ ಅಂತ ಕೇಳುವ ರೂಢಿ ಅಲ್ಲಿ ಕೆಲವರಲ್ಲಿದೆ. ನಮ್ಮವರಿಗೆ ಸಂಕೋಚ. ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುವ ನಮಗೆ ಇದೊಂದು ಮಾತು ಕೇಳೋಕೆ ಸಂಕೋಚ ಯಾಕೆ?

ಇನ್ನು ಇಲ್ಲಿಯ ಮಾತು. ಕಾಡುಹಂದಿ ಕಾಟಕ್ಕೆ ಅಂತ ನಮ್ಮ ಹಳ್ಳಿಗಳಲ್ಲೂ ಅಲ್ಲೊಂದು ಇಲ್ಲೊಂದು ಬಂದೂಕು ಇದೆ. 1959ರ ಆಯುಧ ಕಾಯಿದೆ ಪ್ರಕಾರ 21 ವರ್ಷ ತುಂಬದವರಿಗೆ ಅದರ ಲೈಸೆನ್ಸಿಲ್ಲ. ಆದರೆ ಬಾಗಿಲ ಹಿಂದೆ ಒರಗಿಸಿಟ್ಟ ಬಂದೂಕು ಎಟುಕಿಸಿಕೊಂಡವನ ವಯಸ್ಸು ಕೇಳುತ್ತದೆಯೆ? ಬಂದೂಕು ಒಂದು ಪೆಟ್ಟಿಗೆಯಲ್ಲಿ, ಮದ್ದುಗುಂಡು ಬೇರೊಂದು ಪೆಟ್ಟಿಗೆಯಲ್ಲಿ, ಬೀಗದ ಕೈ ನಿಮ್ಮ ಉಡಿದಾರದಲ್ಲಿ ಇರಲಿ. ಹಂದಿ ತಿಂದ ಕಡಲೆಕಾಯಿ ಮುಂದಿನ ಮಳೆಗೆ ಮತ್ತೆ ಬೆಳೆದೀತು.