ಅಲೆಗಳ ಕಡಿವಾಣ

ಮಾದರಿ ವಿಮಾನದೊಳಗೆ ಚಾಲಕನಿರುವುದಿಲ್ಲ. ನೆಲದ ಮೇಲೆ ನಿಂತವನ ಕೈಯಲ್ಲಿರುವ ಪ್ರೇಷಕವು ಕಳುಹಿಸುವ ರೇಡಿಯೋ ಅಲೆಗಳೇ ಅದರ ಕಡಿವಾಣ. ಈ ಕಡಿವಾಣ ಕಳಚಿದರೆ ವಿಮಾನವು ನೆಲಕ್ಕೆರಗಿ ಜನರನ್ನು ಗಾಯಗೊಳಿಸಬಹುದು.

1990ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು 72 ಮೆಗಾಹರ್ಟ್ಸ್ ಪಟ್ಟಿಯ 50 ವಾಹಿನಿಗಳನ್ನು ಹಂಚಿಕೊಂಡು ಬಳಸುತ್ತಿದ್ದರು. ಪ್ರೇಷಕದ ಆವರ್ತಾಂಕವನ್ನು, ಅಂದರೆ ಅಲೆಯು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸಬೇಕೆಂಬುದನ್ನು, ಅದರೊಳಗಿನ ಸ್ಫಟಿಕವು ನಿರ್ಧರಿಸುತ್ತಿತ್ತು. ಇಬ್ಬರು ಒಂದೇ ವಾಹಿನಿಯನ್ನು ಬಳಸಿದರೆ ವಿಮಾನದಲ್ಲಿರುವ ಗ್ರಾಹಕಕ್ಕೆ ಯಾರ ಆಜ್ಞೆಯೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದ್ದರಿಂದ ಮೈದಾನದ ಫಲಕದಿಂದ ವಾಹಿನಿಯ ಗುರುತನ್ನು ಪಡೆದವನು ಮಾತ್ರ ಹಾರಿಸಬೇಕು, ಉಳಿದವರು ಸರದಿ ಕಾಯಬೇಕು ಎಂಬ ನಿಯಮವಿತ್ತು. ಒಬ್ಬನ ಮರೆವು ಮತ್ತೊಬ್ಬನ ವಿಮಾನವನ್ನು ಕೆಡವುತ್ತಿತ್ತು.

2005ರ ಸುಮಾರಿಗೆ 2.4 ಗಿಗಾಹರ್ಟ್ಸ್ ವ್ಯವಸ್ಥೆಗಳು ಬಳಕೆಗೆ ಬಂದವು. ಇವುಗಳಲ್ಲಿ ಪ್ರತಿಯೊಂದು ಪ್ರೇಷಕಕ್ಕೂ ತನ್ನದೇ ಆದ ಗುರುತಿನ ಸಂಕೇತವುಂಟು. ಅದರೊಡನೆ ಮೊದಲೇ ಜೋಡಿಸಿದ ಗ್ರಾಹಕವು ಅನ್ಯರ ಆಜ್ಞೆಯನ್ನು ಪಾಲಿಸದು. ಅನೇಕ ಪ್ರೇಷಕಗಳು ಒಂದೇ ಆವರ್ತಾಂಕದಲ್ಲಿ ನಿಲ್ಲದೆ ಕ್ಷಣಕ್ಷಣಕ್ಕೂ ಬೇರೊಂದಕ್ಕೆ ನೆಗೆಯುತ್ತವೆ. ನಟಿ ಹೆಡಿ ಲಮಾರ್ ಮತ್ತು ಸಂಗೀತಕಾರ ಜಾರ್ಜ್ ಆಂಟೈಲ್ 1942ರಲ್ಲಿಯೇ ಟಾರ್ಪಿಡೋಗಳ ನಿಯಂತ್ರಣಕ್ಕಾಗಿ ಇಂತಹ ನೆಗೆತದ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು.

ಅಲೆಯ ಉದ್ದವು ಸುಮಾರು 4 ಮೀಟರಿನಿಂದ 12 ಸೆಂಟಿಮೀಟರಿಗೆ ಇಳಿದುದರಿಂದ ಆಂಟೆನಾ ಕೂಡ ಕಿರಿದಾಯಿತು. ಆದರೆ ಈ ಕಿರಿಯ ಅಲೆಗಳನ್ನು ಲೋಹ, ಕಾರ್ಬನ್ ನಾರು ಮುಂತಾದವು ಸುಲಭವಾಗಿ ತಡೆಯುತ್ತವೆ. ಹೊಸ ವ್ಯವಸ್ಥೆಗೆ ಬದಲಾಯಿಸುವವನು ಆಂಟೆನಾವನ್ನು ಅಡ್ಡಿಯಿಲ್ಲದ ಕಡೆ ಇರಿಸಬೇಕು; ಹಾರಿಸುವ ಮುನ್ನ ಅಲೆಗಳು ತಲುಪುವ ದೂರವನ್ನು ಪರೀಕ್ಷಿಸಬೇಕು. ಸರದಿ ಕಾಯುವ ಕಷ್ಟ ತಪ್ಪಿತು. ಎಚ್ಚರಿಕೆಯ ಹೊಣೆ ತಪ್ಪಲಿಲ್ಲ.